ಮೂರು ಪಾಯಿಂಟ್ ಹತ್ತು

ಐದನೇ ತರಗತಿಗೆ ದಶಮಾಂಶ ಕಲಿಸಿ ಕಲಿಸಿ ನನ್ನ ಗಂಟಲು ಒಣಗಿತ್ತು. ಬೋರ್ಡಿನ ಮೇಲೆ 1.30 ಮತ್ತು 1.20 ಬರೆದು ಕೂಡಿಸಲು ಹೇಳಿದೆ.

"ಮೂರು ಪಾಯಿಂಟ ಹತ್ತರಿ" ಎಂದಿತು ಇಡೀ ಕ್ಲಾಸು, ಒಂದೇ ದನಿಯಲ್ಲಿ.

"ಮೂರು ಎಲ್ಲಿಂದ ಬಂತು?" ಎಂದು ಮುಂದಿನ ಸಾಲಿನ ಸೌಂದರ್ಯಾಳನ್ನು ಕೇಳಿದೆ.

"ನಲವತ್ತ ಗುಂಟೆ ಆದ್ರ ಒಂದ ಎಕರೆ ಅಕ್ಕೈತಲ್ರಿ ಟೀಚರ. ನಮ್ಮಪ್ಪ ಹೊಲದ ಲೆಕ್ಕ ಹಿಂಗ ಬರಿತಾನ್ರಿ."

"ಇದು ಹೊಲ ಅಲ್ಲ, ಗಣಿತ ಐತಿ. ಇಲ್ಲಿ ನೂರಕ್ಕ ಒಂದು."

ಅಳಿಸಿ ಮತ್ತೆ ಮೊದಲಿಂದ ಹೇಳಿದೆ. ಮೀಟರ್ ಎಂದೆ, ಸೆಂಟಿಮೀಟರ್ ಎಂದೆ, ನೂರು ಮನೆಗಳ ಚೌಕ ಬರೆದೆ. ಎಲ್ಲರೂ ತಲೆಯಾಡಿಸಿದರು. ಅದೇ ಲೆಕ್ಕ ಕೊಟ್ಟರೆ ಮತ್ತೆ ಅದೇ ಮೂರು ಪಾಯಿಂಟ್ ಹತ್ತು. ತಲೆಯೊಳಗೂ ಕಬ್ಬು ನೆಟ್ಟಿದ್ದೀರೇನು ಎಂದು ಬೈದು, ಚಾಕ್‌ಪೀಸ್ ಎಸೆದು ವರಾಂಡಕ್ಕೆ ಬಂದೆ.

ಅಷ್ಟರಲ್ಲಿ ಐನಾಪುರದಿಂದ ಅಣ್ಣನ ಫೋನು ಬಂತು. ಕೈಯೆಲ್ಲ ಚಾಕ್ ಪುಡಿ ಇದ್ದುದರಿಂದ ಸ್ಪೀಕರ್‌ಗೆ ಹಾಕಿದೆ. "ಡ್ರಿಪ್ ಪೈಪ ಹಾಕಸಾಕತ್ತೇನಿ. ದ್ರಾಕ್ಷಿ ಎರಡ ಪಾಯಿಂಟ ಇಪ್ಪತ್ತೈದ ಎಕರೆ, ಕಬ್ಬ ಒಂದ ಪಾಯಿಂಟ ಮೂವತ್ತೈದ. ಒಟ್ಟ ಎಷ್ಟಾತು?"

"ನಾಕ ಪಾಯಿಂಟ ಇಪ್ಪತ್ತು" ಎಂದೆ, ಸಿಟ್ಟಿನಲ್ಲೇ, ಒಂದಿಷ್ಟೂ ಯೋಚಿಸದೆ.

ಬಾಗಿಲಲ್ಲಿ ಚಾಕ್‌ಪೀಸ್ ಹಿಡಿದು ನಿಂತಿದ್ದ ಸೌಂದರ್ಯಾ ಒಳಗೆ ತಿರುಗಿ ಮೆಲ್ಲಗೆ ಹೇಳಿದಳು:

"ಟೀಚರೂ ನಮ್ಮಂಗ ಕೂಡಸ್ತಾರಲೇ."