ಮನೆಮಂದಿಯ ವ್ಯಾಯಾಮ

ನಾನು ಅಂಗಡಿಗಳ ಬೋರ್ಡ್ ಬರೆಯುವವಳು. ಏಣಿ ಹತ್ತಿ, ತಲೆಗಿಂತ ಮೇಲೆ ಕೈ ಎತ್ತಿದರಷ್ಟೇ ನನಗೆ ಕೆಲಸ. ಎದೆಯ ಗಡ್ಡೆ ತೆಗೆದ ಡಾಕ್ಟರು ಬೆನ್ನಿನ ಸ್ನಾಯುವನ್ನು ತಿರುಗಿಸಿ ತಂದು ಆ ಜಾಗ ತುಂಬಿಸಿದರು. ಗಾಯವೇನೋ ಒಣಗಿತು, ಬಲಗೈ ಮಾತ್ರ ಭುಜದ ಮಟ್ಟಕ್ಕೇ ನಿಂತುಬಿಟ್ಟಿತು. ಔಷಧದ ಅಂಗಡಿಯವರು ತಮ್ಮ ದೊಡ್ಡ ಬೋರ್ಡನ್ನು ತಿಂಗಳ ಕೊನೆವರೆಗೆ ನನಗಾಗಿ ತಡೆದಿಟ್ಟಿದ್ದರು. ಅದೂ ಕೈತಪ್ಪಿದರೆ ನನ್ನನ್ನು ಮತ್ತೆ ಕರೆಯುವವರು ಯಾರೂ ಇರಲಿಲ್ಲ.

ಫಿಸಿಯೋಥೆರಪಿ ಮೇಡಂ ಹೇಳಿಕೊಟ್ಟಿದ್ದು ಇಷ್ಟೇ: ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸಬೇಕು. ದಿನಕ್ಕೆ ಮೂರು ಸಲ.

ನಮ್ಮ ಮನೆಯವರ ಪ್ರೀತಿ ಕೇಳಬೇಕೆ? ನಾನು ಗೋಡೆ ಮುಟ್ಟಿದ್ದೇ ತಡ, "ಹಾಗಲ್ಲಮ್ಮ, ಹೀಗೆ" ಅಂತ ಅತ್ತೆ ತಮ್ಮ ಬೆರಳನ್ನೇ ಗೋಡೆ ಹತ್ತಿಸಿ ತೋರಿಸಿದರು. "ಅಮ್ಮಾ, ನಿನ್ನ ಮೊಣಕೈ ಬಗ್ತಾ ಇದೆ" ಅಂತ ನಮ್ಮೆಜಮಾನರು ಅವರನ್ನು ತಿದ್ದಿದರು. ಮೈದುನ ಎರಡೂ ಕೈ ಹತ್ತಿಸಿ ಅಣ್ಣನ ಜೊತೆ ಪಂದ್ಯ ಕಟ್ಟಿದ. ನಾನು ಮುಖ ಕಿವುಚಿದರೆ ಸಾಕು, "ಪಾಪ, ನೋಯ್ತಿದೆ, ನೀನು ಕೂತ್ಕೋ, ನಾವು ಮಾಡ್ತೀವಿ" ಅಂತ ಕುರ್ಚಿ ಎಳೆಯೋರು. ಅವರು ಮಾಡಿದ್ದು ನನ್ನ ಭುಜಕ್ಕೆ ಯಾವ ದಾರಿಯಲ್ಲಿ ಬಂದು ಸೇರುತ್ತೋ ದೇವರೇ ಬಲ್ಲ. ಬಾಚಣಿಗೆ, ಟವೆಲು, ಲೋಟ, ಯಾವುದಕ್ಕೂ ಕೈ ಎತ್ತಲು ಬಿಡಲಿಲ್ಲ. ಎರಡು ವಾರದಲ್ಲಿ ಅತ್ತೆಯ ಹತ್ತು ವರ್ಷದ ಭುಜನೋವು ಮಂಗಮಾಯವಾಯಿತು.

ಮತ್ತೆ ತೋರಿಸಲು ಹೋದಾಗ ಮೂವರೂ ಜೊತೆಗೆ ಬಂದರು. "ಎಲ್ಲಿ, ಕೈ ಎತ್ತಿ ನೋಡೋಣ" ಅಂದರು ಮೇಡಂ. ನನ್ನ ಹಿಂದೆ ಮೂರು ಕೈ ನೆಟ್ಟಗೆ ಮೇಲೆದ್ದವು. ನನ್ನದು ಭುಜದ ಮಟ್ಟ ದಾಟಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ನನ್ನ ಕೈ ನನಗೆ ಬಿಟ್ಟುಕೊಡಿ, ಸಾಕು" ಅಂದುಬಿಟ್ಟೆ.

ಮೇಡಂ ಆ ಮೂವರ ಕಡೆ ತಿರುಗಿದರು. "ಇನ್ನೆರಡು ವಾರ ನೀವು ಮೂವರೂ ಭುಜಕ್ಕಿಂತ ಮೇಲೆ ಕೈ ಎತ್ತಕೂಡದು. ಮೇಲಿರೋ ಹಗುರದ್ದೆಲ್ಲ ಇವರೇ ತೆಗೀಲಿ."

ಹನ್ನೊಂದನೇ ದಿನ ಅತ್ತೆಗೆ ಅಡುಗೆಮನೆಯ ಮೇಲಿನ ಕಪಾಟಿನಲ್ಲಿದ್ದ ಖಾಲಿ ಡಬ್ಬಿ ಬೇಕಾಯಿತು. ಕೈ ಎತ್ತಿದೆ. ಬೆನ್ನಿಂದ ಎದೆವರೆಗೆ ಬಿಗಿದು ಜೀವ ಹೋದಂತಾಯಿತು. ಬೆರಳು ಡಬ್ಬಿಯ ಅಂಚಿಗೆ ತಾಗಿ ನಿಂತಿತು. ತಿರುಗಿ ನೋಡಿದರೆ ಅತ್ತೆ ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ಅಳುತ್ತಿದ್ದರು. ಕೂತ್ಕೋ ಅನ್ನಲಿಲ್ಲ.

"ಇನ್ನೊಂದು ಬೆರಳಷ್ಟು, ಎತ್ತಮ್ಮ" ಅಂದರು.

ಎತ್ತಿದೆ. ಡಬ್ಬಿ ಅವರ ಕೈಗಿಟ್ಟು, ಔಷಧದ ಅಂಗಡಿಗೆ ಫೋನ್ ಮಾಡಿ, ಸೋಮವಾರ ಏಣಿ ತರ್ತೀನಿ ಅಂದೆ.