ದಿನಕ್ಕೆ ಆರು ಸೂಜಿ

ಪುಕ್ಕಟೆಯಾಗಿ ಏನೇ ಸಿಕ್ಕರೂ ಅದರ ಹಿಂದೆ ಏನೋ ಮಸಲತ್ತಿದೆ ಎನ್ನುವವರು ನಮ್ಮಪ್ಪ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು, ಮುಚ್ಚಳ ಬಿಚ್ಚಿ ನೋಡದೆ ಯಾವುದನ್ನೂ ನಂಬುವುದಿಲ್ಲ. ಗ್ರಂಥಾಲಯದಲ್ಲಿ ಆದಾಯ ತೆರಿಗೆಯ ಫಾರಂ ಪುಕ್ಕಟೆ ತುಂಬಿಕೊಡುತ್ತಾರೆ ಎಂದದ್ದೇ ತಡ, "ಅದು ಹೇಗೆ ಪುಕ್ಕಟೆ? ನಾನೂ ಬಂದು ನೋಡ್ತೀನಿ" ಎಂದು ಚಪ್ಪಲಿ ಮೆಟ್ಟಿದರು. ಬೇಡ ಎನ್ನಬೇಕಿತ್ತು. ನನ್ನ ಬುದ್ಧಿಗಿಷ್ಟು!

ನಾನು ಸಮವಸ್ತ್ರದ ಕಂಪನಿಯಲ್ಲಿ ಟೈಲರ್, ಮನೆಗೂ ಕೆಲಸ ತರುತ್ತೇನೆ. ಎರಡು ವರ್ಷದಿಂದ ಸೂಜಿಯ ಕಣ್ಣು ನನ್ನ ಕಣ್ಣಿಗೆ ಕಾಣದು. ದಿನಾ ಬೆಳಿಗ್ಗೆ ಅಪ್ಪನೇ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಆರು ಸೂಜಿಗೆ ದಾರ ಪೋಣಿಸಿಡುತ್ತಾರೆ. ಡಾಕ್ಟರು ಕನ್ನಡಕ ಬರೆದುಕೊಟ್ಟು ಎಂಟು ತಿಂಗಳಾಗಿತ್ತು. ಹೆಚ್ಚಾಗಿ ಹಿಡಿದ ತೆರಿಗೆ ವಾಪಸ್ ಬಂದರೆ ಕನ್ನಡಕ, ಇಲ್ಲದಿದ್ದರೆ ಇಲ್ಲ. ಅಂದೇ ಕೊನೆಯ ದಿನ, ನಾಲ್ಕಕ್ಕೆ ಬಾಗಿಲು ಮುಚ್ಚುತ್ತಾರೆ.

ಫಾರಂ ತುಂಬಲು ಕೂತಿದ್ದವರು ನಿವೃತ್ತ ಗಣಿತದ ಮೇಷ್ಟ್ರು.

"ನಿಮ್ಮ ಮೇಲೆ ಅವಲಂಬಿತರು ಯಾರಾದ್ರೂ ಇದ್ದಾರೇನಮ್ಮಾ?"

"ನಮ್ಮಪ್ಪ" ಎಂದೆ.

"ಯಾರು? ನಾನಾ?" ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಇವಳನ್ನ ಹೆಗಲ ಮೇಲೆ ಹೊತ್ತು ಸಾಕಿದೋನು ನಾನು. ನಾನು ಅವಲಂಬಿತನಾ?"

"ಬರೀ ಫಾರಂ ಅಪ್ಪಾ ಅದು. ಹಾಗೆ ಬರೆದ್ರೇನೇ ದುಡ್ಡು ವಾಪಸ್ ಬರೋದು. ಸುಮ್ನಿರಿ."

ಅಪ್ಪ ಮೂತಿ ಊದಿಸಿಕೊಂಡು ಕೂತರು. ಅಷ್ಟರಲ್ಲಿ ಸಂಬಳದ ಚೀಟಿಯೊಂದು ಮನೆಯಲ್ಲೇ ಉಳಿದದ್ದು ನೆನಪಾಗಿ ಎದ್ದೆನೋ ಬಿದ್ದೆನೋ ಎಂದು ಓಡಿದೆ. ವಾಪಸ್ ಬಂದಾಗ ಅಪ್ಪನ ಮುಖ ಅರಳಿತ್ತು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮೇಷ್ಟ್ರು ಫಾರಂ ಕಳಿಸಿದರು. ಪರದೆಯ ಮೇಲೆ ಕೆಂಪು ಅಕ್ಷರ ಬಂತು.

"ತಗೋತಿಲ್ಲಮ್ಮ. ನೀವೇ ಬೇರೆಯೋರ ಮೇಲೆ ಅವಲಂಬಿತರಂತೆ."

"ಯಾರ ಮೇಲೆ?"

ಮೇಷ್ಟ್ರು ಇನ್ನೊಮ್ಮೆ ಓದಿ, ನಿಧಾನವಾಗಿ ಅಪ್ಪನ ಕಡೆ ತಿರುಗಿದರು. ಅಪ್ಪ ಗೋಡೆ ಗಡಿಯಾರ ನೋಡುತ್ತಿದ್ದರು. "ಎರಡು ನಿಮಿಷ ಹಿಂದಿದೆ" ಎಂದರು.

ನಾನು ಅತ್ತ ಹೋದ ಕೂಡಲೇ ಪುಣ್ಯಾತ್ಮ ಪಕ್ಕದ ಮೇಜಿಗೆ ಹೋಗಿ ತಮ್ಮದೂ ಒಂದು ಫಾರಂ ಹಾಕಿಸಿದ್ದರು. ಆದಾಯ: ಸೊನ್ನೆ. ಅವಲಂಬಿತರು: ಮಗಳು, ವಯಸ್ಸು ನಲವತ್ತಾರು.

"ಸುಳ್ಳು ಬರೆಸಿದ್ರಾ?"

"ಒಂದೂ ಇಲ್ಲ! ಮದುವೆ ಆಗಿದೆಯಾ ಅಂದ್ರು, ಇಲ್ಲ ಅಂದೆ. ಜೊತೇಲೇ ಇದ್ದಾಳಾ ಅಂದ್ರು, ಹೌದು ಅಂದೆ. ಅವಳಿಗೆ ನಿಮ್ಮ ಆಸರೆ ಬೇಕಾ ಅಂದ್ರು, ದಿನಾ ಆರು ಸೂಜಿ ಅಂದೆ. ನಿಜವಾಗ್ಲೂ ಪುಕ್ಕಟೆ ಕಣೇ, ಒಂದು ಪೈಸೆ ತಗೊಳ್ಳಲಿಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅಪ್ಪನ ಫಾರಂ ರದ್ದಾಗಬೇಕಾದರೆ ಅಪ್ಪನ ಫೋನಿಗೆ ಬರುವ ಸಂಖ್ಯೆ ಬೇಕು. ಅಪ್ಪ ಜೇಬಿನ ಮೇಲೆ ಕೈ ಅಡ್ಡ ಇಟ್ಟುಕೊಂಡರು.

"ಕೊಡಿ ಅಪ್ಪಾ! ನನಗೆ ಕನ್ನಡಕ ಬೇಡ್ವಾ?"

"ಕನ್ನಡಕ ಬಂದ್ಮೇಲೆ ಸೂಜಿ ಯಾರು ಪೋಣಿಸೋದು?" ಎಂದರು ಅಪ್ಪ, ಮೆಲ್ಲಗೆ.

ಮೇಷ್ಟ್ರು ಕೈಯಲ್ಲೇ ಇದ್ದ ಪೆನ್ನಿನ ಮುಚ್ಚಳವನ್ನು ಮೇಜಿನ ಕೆಳಗೆ ಹುಡುಕತೊಡಗಿದರು. ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು. ಇಷ್ಟು ದಿನ ಈ ಹೆದರಿಕೆ ಇಟ್ಟುಕೊಂಡು ಕೂತಿದ್ದರಲ್ಲ!

"ನೀವೇ. ಕನ್ನಡಕ ಬಟ್ಟೆ ಕತ್ತರಿಸೋಕೆ. ಸೂಜಿ ಖಾತೆ ನಿಮ್ಮದು."

"ಆರೂ?"

"ಆರೂ."

"ಎಂಟು ಮಾಡು."

"ಆಯ್ತು ಮಾರಾಯ್ರೆ, ಎಂಟು! ಫೋನ್ ಕೊಡಿ."

ಕೊಟ್ಟರು. ಒಂದು ರದ್ದಾಯಿತು, ಒಂದು ಹೋಯಿತು. ತಿಂಗಳೊಳಗೆ ದುಡ್ಡೂ ಬಂತು, ಕನ್ನಡಕವೂ ಬಂತು.

ಕನ್ನಡಕ ಬಂದ ಮರುದಿನ ಬೆಳಿಗ್ಗೆ ಅದನ್ನು ಹಾಕಿಕೊಂಡು ನೋಡಿದೆ. ಅಪ್ಪ ದಾರದ ತುದಿ ಎಂಜಲು ಮಾಡಿ ಗುರಿಯಿಟ್ಟರು. ತಪ್ಪಿತು. ಮತ್ತೆ ತಪ್ಪಿತು. ಮೊದಲ ಸೂಜಿಗೇ ಹನ್ನೊಂದು ಸಲ. ಎರಡು ವರ್ಷದಿಂದ ಇದೇ ನಡೆದಿತ್ತೋ ಏನೋ, ನನಗೆ ಕಂಡಿರಲಿಲ್ಲ ಅಷ್ಟೇ. ಅವರು ತಲೆಯೆತ್ತುವ ಮೊದಲೇ ಕನ್ನಡಕ ತೆಗೆದು ಬಟ್ಟೆಯ ಕೆಳಗೆ ತುರುಕಿದೆ.

"ಆಯ್ತಾ ಅಪ್ಪಾ? ನನಗೇನೂ ಕಾಣಿಸ್ತಿಲ್ಲ" ಎಂದೆ.