ಮೂರು ಬೆರಳ ಹುಲ್ಲು

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಮನೆಮುಂದಿನ ಹುಲ್ಲುಹಾಸಿನಲ್ಲಿ ತಂಗಿ ಯಂತ್ರ ತಳ್ಳಿಕೊಂಡು ಬಂದು ಒಂದು ಪಟ್ಟೆ ಮುಗಿಸಿದ್ದಳು. ಬಾತ ಮಂಡಿಗೆ ಬಟ್ಟೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ ಅಕ್ಕ ಕತ್ತು ಚಾಚಿ ನೋಡಿದಳು. ಹಸಿರೆಲ್ಲ ಹೋಗಿ ಬುಡದ ಹಳದಿ ಕಡ್ಡಿ ಕಾಣುತ್ತಿತ್ತು.

“ನಿಲ್ಸೇ ಪುಣ್ಯಾತ್ಗಿತ್ತಿ! ಕತ್ತರಿಸು ಅಂದ್ರೆ ಬೋಳಿಸ್ತಿದೀಯಲ್ಲೇ!”

“ಗಿಡ್ಡಕ್ಕೆ ಕತ್ತರಿಸಿದ್ರೆ ಒಂದು ತಿಂಗ್ಳು ಈ ಯಂತ್ರದ ಮುಖ ನೋಡೋ ಹಾಗಿಲ್ಲ,” ತಂಗಿ ಬೆವರು ಒರೆಸಿಕೊಂಡಳು. “ಪದೇಪದೇ ಬರೋಕೆ ನನಗೇನು ಬೇರೆ ಕೆಲ್ಸ ಇಲ್ವಾ?”

ಒಂದು ತಿಂಗಳು ಎಂಬ ಮಾತು ಅಕ್ಕನಿಗೆ ಹಳದಿ ಕಡ್ಡಿಗಿಂತ ಹೆಚ್ಚು ಚುಚ್ಚಿತು. ಮಂಡಿ ಕೈಕೊಟ್ಟ ಮೇಲೆ ಈ ಮನೆಯಲ್ಲಿ ಇನ್ನೊಬ್ಬರ ಮಾತು ಕೇಳಿಸಿದ್ದು ಇವತ್ತೇ. ಆದರೆ ‘ಆಗಾಗ ಬಾರೇ’ ಎಂದು ಬಾಯಿಬಿಟ್ಟು ಕೇಳುವ ಜಾಯಮಾನ ಅವಳದಲ್ಲ. ಹುಲ್ಲಿನ ನೆಪ ಹಿಡಿದಳು.

“ಅಮ್ಮ ಏನು ಹೇಳ್ತಿದ್ಲು, ಮರೆತ್ಯಾ?”

ಅಮ್ಮ ಆಸ್ಪತ್ರೆಯ ಅಂಗಳದ ಹುಲ್ಲು ನೋಡಿಕೊಳ್ಳುತ್ತಿದ್ದಳು. ಆಗಿನದು ಕಬ್ಬಿಣದ ಕೈಯಂತ್ರ. ಇಬ್ಬರು ಮಕ್ಕಳಲ್ಲಿ ಒಬ್ಬಳು ಮುಂದೆ ಹಗ್ಗ ಹಿಡಿದು ಎಳೆಯಬೇಕು, ಇನ್ನೊಬ್ಬಳು ಹಿಂದಿನಿಂದ ತಳ್ಳಬೇಕು. ಕತ್ತರಿಸಿದಲ್ಲಿ ಅಮ್ಮ ಅಂಗೈ ಅಡ್ಡ ನಿಲ್ಲಿಸಿ ನೋಡುವಳು. ಮೂರು ಬೆರಳು ಮುಳುಗಿದರೆ ಸರಿ. “ಮೇಲೆ ನೆರಳಿದ್ರೆ ಬುಡ ತಂಪು, ಬುಡ ತಂಪಾದ್ರೆ ಬೇರು ಆಳ. ಬಕಾಸುರನ ಹಾಗೆ ಬುಡಕ್ಕೇ ಬಾಯಿ ಹಾಕ್ಬೇಡಿ,” ಎನ್ನುವಳು. ಸಂಜೆ ಇಬ್ಬರ ಹಿಮ್ಮಡಿಯ ಹಸಿರು ಕಲೆಯನ್ನು ತನ್ನ ಸೆರಗಿನಿಂದಲೇ ತಿಕ್ಕುವಳು. ತಿಕ್ಕಿದಷ್ಟೂ ಹಸಿ ಹುಲ್ಲಿನ ಘಮ.

“ಹುಲ್ಲಿಗಾದ್ರೂ ಮೂರು ಬೆರಳು ಬಿಟ್ಲು. ಹೇನು ಅಂತ ನನ್ನ ತಲೇಲಿ ಅಷ್ಟೂ ಬಿಡ್ಲಿಲ್ಲ!” ಎಂದಳು ತಂಗಿ.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಿನ್ನ ಸರದಿ ಬಂದಾಗೆಲ್ಲ ಹೊಟ್ಟೆನೋವು,” ಅಕ್ಕ ಬಿಡಲಿಲ್ಲ. “ಎಳೆಯೋದೂ ನಾನೇ, ತಳ್ಳೋದೂ ನಾನೇ. ಆ ಸಾಲ ಇನ್ನೂ ತೀರಿಲ್ಲ.”

ತಂಗಿ ಯಂತ್ರದ ಅಲಗಿನ ಎತ್ತರ ಬದಲಿಸುವ ಹಿಡಿಯನ್ನು ಮೇಲಿನ ಕಚ್ಚಿಗೆ ಸರಿಸಿದಳು. ಒಂದಷ್ಟು ದೂರ ತಳ್ಳಿ, ಬಗ್ಗಿ ಬೆರಳಿಟ್ಟು ನೋಡಿದಳು.

“ಇಷ್ಟೆತ್ತರ ಬಿಟ್ರೆ ವಾರವಾರ ಕತ್ತರಿಸ್ಬೇಕಲ್ಲೇ ಅಕ್ಕಾ?”

“ಕತ್ತರಿಸ್ಬೇಕು,” ಎಂದಳು ಅಕ್ಕ, ಮಂಡಿಯ ಬಟ್ಟೆಯನ್ನು ಸುಮ್ಮನೆ ಬಿಗಿಮಾಡುತ್ತ.

ತಂಗಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. “ನೆಟ್ಟಗೆ ಬಾ ಅನ್ನೋಕೆ ಏನು ಧಾಡಿ ನಿನಗೆ? ಬಾಯಿ ಸವೆದುಹೋಗುತ್ತಾ?”

ಅಕ್ಕ ಕತ್ತರಿಸದೆ ಉಳಿದ ಪಟ್ಟೆಯತ್ತ ಬೆರಳು ತೋರಿಸಿದಳು. ಯಂತ್ರ ಮತ್ತೆ ಸದ್ದು ಮಾಡಿತು.

ಬಸ್ಸಿನ ಹೊತ್ತಿಗೆ ಮನೆಮುಂದಿನದಷ್ಟೇ ಮುಗಿದಿತ್ತು. ತಂಗಿ ಚಪ್ಪಲಿ ಮೆಟ್ಟುತ್ತ, “ಹಿತ್ತಿಲದ್ದು ಬಾಕಿ ಉಳೀತು,” ಎಂದಳು.

“ಉಳೀಲಿ ಬಿಡು,” ಎಂದಳು ಅಕ್ಕ. “ಹಳೇ ಸಾಲದ ಜೊತೆ ಸೇರಿಸ್ಕೋತೀನಿ. ಬರೋ ವಾರ ಬಂದು ತೀರಿಸು.”